ಕಡೇ ಪಂಕ್ತಿಯ ಲೆಕ್ಕ

(ಮಾತಾಡುವವರು ಇಬ್ಬರು. ಮದುವೆ ಗೊತ್ತಾಗಿರುವ ಹುಡುಗಿ, ಬೆಂಗಳೂರಿನಲ್ಲಿ ಕೆಲಸ. ಮಂಡ್ಯ ಕಡೆಯ ಸೋದರಮಾವ, ನೆಂಟರಿಷ್ಟರ ಮದುವೆಗಳಲ್ಲಿ ಉಗ್ರಾಣದ ಬೀಗದಕೈ ಹಿಡಿದು ಓಡಾಡಿದವರು.)

ಹುಡುಗಿ: ಮಾವ, ಊಟದ ಲೆಕ್ಕ ಮುಗಿಸಿಬಿಟ್ಟೆ. ಆರುನೂರು ಜನ, ಎಲೆಗೆ 350 ರೂಪಾಯಿ, ಒಟ್ಟು 2,10,000. ಇಪ್ಪತ್ತೆಂಟು ಐಟಂ. ಕೇಟರಿಂಗ್‌ನವರ ಪಟ್ಟಿ ಇಲ್ಲಿದೆ, ಒಂದ್ಸಲ ಕಣ್ಣಾಡಿಸಿ ಹೂಂ ಅಂದುಬಿಡಿ.

ಮಾವ: ಪಟ್ಟಿ ಆಮೇಲೆ ನೋಡೋಣ. ಕಡೇ ಪಂಕ್ತಿಗೆ ಏನು ಬಡಿಸ್ತೀಯ, ಅದು ಹೇಳು.

ಹುಡುಗಿ: ಎಲ್ಲರಿಗೂ ಬಡಿಸಿದ್ದೇ. ಅದೂ ಒಂದು ಪ್ರಶ್ನೆನಾ?

ಮಾವ: ಅದೊಂದೇ ಪ್ರಶ್ನೆ ಕಣವ್ವ. ಮೊದಲನೇ ಪಂಕ್ತಿಲಿ ಎಲ್ಲ ಮದುವೆ ಊಟಾನೂ ಚೆನ್ನಾಗೇ ಇರುತ್ತೆ. ಕಡೇ ಪಂಕ್ತಿ ಹೊತ್ತಿಗೆ ಒಬ್ಬಟ್ಟು ಖಾಲಿ, ಹಪ್ಪಳ ಮೆತ್ತಗೆ, ಹುಳಿಗೆ ನೀರು ಬಿದ್ದಿರುತ್ತೆ, ಬಡಿಸೋ ಹುಡುಗರು ಕೈ ತೊಳ್ಕೊಂಡು ನಿಂತಿರ್ತಾರೆ. ಅಲ್ಲಿ ಕೂರೋರು ಯಾರು? ಬೆಳಗ್ಗೆಯಿಂದ ನಿಂತ ಕಾಲಲ್ಲಿ ಓಡಾಡಿದ ನಿಮ್ಮ ಚಿಕ್ಕಪ್ಪ, ವಾಲಗದವರು, ಫೋಟೋದವರು, ಬಸ್ಸು ಸಿಗದೆ ತಡವಾಗಿ ಬಂದ ನೆಂಟರು, ಯಾರದೋ ಕಾರು ಓಡಿಸಿಕೊಂಡು ಬಂದ ಡ್ರೈವರು. ಕೈಯಲ್ಲಿ ಒಂದು ಲಕ್ಷ ಇರಲಿ, ಹತ್ತು ಲಕ್ಷ ಇರಲಿ, ಮೊದಲನೇ ಎಲೆಗೆ ಬಿದ್ದಿದ್ದು ಕಡೇ ಎಲೆಗೂ ಬಿಸಿಬಿಸಿಯಾಗಿ ಬಿದ್ದರೆ ಆ ಮನೆಯವರು ಊಟ ಹಾಕಿದ್ರು ಅಂತ. ಮಿಕ್ಕಿದ್ದೆಲ್ಲ ಅಲಂಕಾರ.

ಹುಡುಗಿ: ಸರಿ. ಆದ್ರೆ ದುಡ್ಡಿನ ಲೆಕ್ಕ ತಪ್ಪಿಲ್ಲವಲ್ಲ?

ಮಾವ: ಗುಣಾಕಾರ ಸರಿಯಾಗಿದೆ. ಎಣಿಸಿದ್ದು ಮಾತ್ರ ಜನಾನ, ಎಲೆನಲ್ಲ. ಆರುನೂರು ಜನ ಒಂದೇ ಹೊತ್ತು ಉಂಡು ಹೋಗ್ತಾರಾ? ಹಿಂದಿನ ದಿನ ಸಂಜೆ ರಿಸೆಪ್ಷನ್ ಇಟ್ಟಿದೀರಿ. ಅವತ್ತು ರಾತ್ರಿ ಆರುನೂರು ಎಲೆ. ಬೆಳಗ್ಗೆ ತಿಂಡಿಗೆ ಇನ್ನೂರು ಜನ. ಮುಹೂರ್ತದ ಊಟಕ್ಕೆ ನಾನೂರು ಎಲೆ. ಬರೆದುಕೊ. ರಾತ್ರಿಗೆ 2,10,000. ತಿಂಡಿಗೆ ತಲೆಗೆ 120 ಹಿಡಿದರೆ 24,000. ಮುಹೂರ್ತಕ್ಕೆ 1,40,000. ಒಟ್ಟೆಷ್ಟಾಯ್ತು?

ಹುಡುಗಿ: 3,74,000... ಅಯ್ಯೋ, ಬೀಗರೂಟ ಇನ್ನೂ ಸೇರಿಲ್ಲ!

ಮಾವ: ಮಧ್ಯಾಹ್ನದ ಕಾಫಿ ಬಿಸ್ಕೆಟ್ಟು, ರಾತ್ರಿ ಉಳ್ಕೊಳ್ಳೋರಿಗೆ ಹಾಲು, ಅದೂ ಸೇರಿಲ್ಲ. ಮೇಲೆ ಜಿಎಸ್‌ಟಿ. ಕೇಟರಿಂಗ್‌ಗೆ ಶೇ. 5, ದೊಡ್ಡ ಹೋಟೆಲಿನ ಒಳಗಾದರೆ ಶೇ. 18ರವರೆಗೂ ಹೋಗುತ್ತೆ. ಮದುವೆ ಊಟದಲ್ಲಿ ದುಡ್ಡು ಸೋರೋದು ಐಟಂನಿಂದ ಅಂತ ಎಲ್ಲರೂ ಅಂದ್ಕೋತಾರೆ. ಅದಕ್ಕಿಂತ ಮೊದಲು ಸೋರೋದು ಹೊತ್ತಿನಿಂದ. ಎಷ್ಟು ಹೊತ್ತಿನ ಊಟ ಅನ್ನೋದನ್ನ ಮೊದಲು ತೀರ್ಮಾನ ಮಾಡು.

ಹುಡುಗಿ: ಅಂದ್ರೆ ರಿಸೆಪ್ಷನ್ ತೆಗೀಬೇಕಾ? ನಮ್ಮ ಆಫೀಸಿನವರೆಲ್ಲ ಸಂಜೆನೇ ಬರೋದು.

ಮಾವ: ಮುಹೂರ್ತ ಭಾನುವಾರ ಇಟ್ಕೊಂಡರೆ ಮಧ್ಯಾಹ್ನವೂ ಬರ್ತಾರೆ. ಧಾರೆ ಮುಗಿದ ಮೇಲೆ ಅಲ್ಲೇ ಆರತಕ್ಷತೆಗೆ ನಿಂತುಕೊಳ್ಳಿ. ಆಗ ತಿಂಡಿಗೆ ನೂರೈವತ್ತು ಜನ, 18,000. ಮಧ್ಯಾಹ್ನ 550 ಎಲೆ, 1,92,500. ಒಟ್ಟು 2,10,500. ನೀನು ಅಂದುಕೊಂಡಿದ್ದಕ್ಕಿಂತ ಐನೂರು ರೂಪಾಯಿ ಜಾಸ್ತಿ, ಅಷ್ಟೇ. ಹಿಂದಿನ ರಾತ್ರಿ ಮನೆ ಜನಕ್ಕೆ ಚಪ್ಪರದ ಕೆಳಗೆ ಬಿಸಿಬೇಳೆಬಾತು, ಮೊಸರನ್ನ. ಅದನ್ನ ನಾವೇ ಮಾಡ್ಕೋತೀವಿ.

ಹುಡುಗಿ: 550 ಎಲ್ಲಿಂದ ಬಂತು? ಕರೆಯೋದು ಎಂಟುನೂರು ಜನಾನ.

ಮಾವ: ಕರೆಯೋದು ಬೇರೆ, ಬರೋದು ಬೇರೆ. ನಮ್ಮ ಕಡೆ ಯಾರನ್ನ ಕೇಳಿದರೂ "ಬರ್ದೇ ಇರ್ತೀವಾ" ಅಂತಾರೆ. ಬಾಯಿಮಾತು ನಂಬಿ ಎಲೆ ಹೇಳಿದರೆ ಮುಳುಗ್ತೀಯ. ನಿಮ್ಮಣ್ಣನ ಮದುವೆಯ ಮುಯ್ಯಿ ಪುಸ್ತಕ ಬೀರುವಿನಲ್ಲಿದೆ, ತೆಗಿ. ಅವತ್ತು ಯಾರ ಯಾರ ಮನೆಯಿಂದ ಮುಯ್ಯಿ ಬಂದಿದೆ ಅಂತ ಇವತ್ತಿನ ಕರೆಯೋಲೆ ಪಟ್ಟಿ ಪಕ್ಕ ಇಟ್ಟು ನೋಡು. ಯಾವ ಊರಿನವರು ಮನೆಮಂದಿಯೆಲ್ಲ ಬರ್ತಾರೆ, ಯಾರು ಗಂಡಸರೊಬ್ಬರನ್ನೇ ಕಳಿಸ್ತಾರೆ, ಎಲ್ಲ ಅದರಲ್ಲೇ ಇದೆ. ಇನ್ನೊಂದು, ಅವತ್ತು ದೊಡ್ಡ ಮುಹೂರ್ತನಾ ಅಂತ ಪಂಚಾಂಗ ನೋಡು. ವೈಶಾಖದ ಒಳ್ಳೇ ಭಾನುವಾರ ಒಬ್ಬೊಬ್ಬರ ಕೈಲೂ ಮೂರು ಮೂರು ಕರೆಯೋಲೆ ಇರುತ್ತೆ. ಒಂದು ಕಡೆ ಅಕ್ಷತೆ, ಇನ್ನೊಂದು ಕಡೆ ಮುಯ್ಯಿ, ಮತ್ತೊಂದು ಕಡೆ ಊಟ. ಅಂಥ ದಿನ ಭಟ್ಟರ ರೇಟೂ ಏರಿರುತ್ತೆ, ಬಡಿಸೋ ಹುಡುಗರೂ ಸಿಗಲ್ಲ.

ಹುಡುಗಿ: ಕೇಟರಿಂಗ್‌ನವರಿಗೆ ಎಷ್ಟು ಹೇಳಲಿ?

ಮಾವ: ನಿನ್ನ ಅಂದಾಜಿಗಿಂತ ಐವತ್ತು ಕಮ್ಮಿ ಹೇಳು. ಒಪ್ಪಿಕೊಂಡ ಕನಿಷ್ಠ ಎಲೆ ಬೀಳದೇ ಇದ್ದರೂ ದುಡ್ಡು ಕೊಡಲೇಬೇಕು. ಐನೂರು ಒಪ್ಕೊಂಡು ನಾನೂರು ಜನ ಬಂದರೆ ನೂರು ಎಲೆ ದುಡ್ಡು ಗಾಳಿಗೆ. ಐನೂರು ಒಪ್ಕೊಂಡು 550 ಬಂದರೆ? ಕಸುಬು ಗೊತ್ತಿರೋ ಭಟ್ಟ ಅಷ್ಟು ಮುಂಜಾಗ್ರತೆ ಇಟ್ಕೊಂಡಿರ್ತಾನೆ. ಮೇಲೆ ಬಿದ್ದ ಎಲೆಗೂ ಅದೇ ರೇಟು ಅಂತ ಮೊದಲೇ ಬರೆಸಿಕೋ. ಎಲೆ ಎಣಿಸೋಕೆ ನಮ್ಮ ಕಡೆ ಒಬ್ಬ, ಅವರ ಕಡೆ ಒಬ್ಬ ಪಂಕ್ತಿ ಬಾಗಿಲಲ್ಲಿ ನಿಲ್ಲಲಿ. ಪ್ರತಿ ಪಂಕ್ತಿ ಎದ್ದ ಮೇಲೆ ಇಬ್ಬರೂ ಚೀಟಿ ಬರೆದು ಸಹಿ ಹಾಕಲಿ. ಸಂಜೆ ಮಂಟಪ ಖಾಲಿ ಮಾಡೋ ಹೊತ್ತಿಗೆ ನಿಮ್ಮಪ್ಪ ಲೆಕ್ಕಕ್ಕೆ ಜಗಳ ಆಡಬಾರದು.

ಹುಡುಗಿ: ನಿಮ್ಮ ಕಾಲದಲ್ಲಿ ಎಲೆ ಲೆಕ್ಕ ಇರಲಿಲ್ಲ ಅಲ್ವಾ? ಸಾಮಾನು ಮನೆಯವರದು, ಕೂಲಿ ಭಟ್ಟರದು.

ಮಾವ: ಈಗಲೂ ಇದೆ. ಭಟ್ಟರು ಸಾಮಾನು ಪಟ್ಟಿ ಬರೆದುಕೊಡ್ತಾರೆ. ಮಂಡಿಯಿಂದ ಅಕ್ಕಿ ಬೇಳೆ, ಎಣ್ಣೆ, ಬೆಲ್ಲ ನಾವೇ ತರ್ತೀವಿ. ನೂರಿನ್ನೂರು ಜನದ ಮದುವೆಗೆ ಇದೇ ಸೋವಿ. ಉಳಿದ ಅಕ್ಕಿ ಮೂಟೆ ನಮ್ಮದೇ. ಆದರೆ ಎರಡು ಷರತ್ತು. ಒಂದು, ಪಟ್ಟಿ ಓದಕ್ಕೆ ಬರಬೇಕು. ಮದುವೆ ಊಟಕ್ಕೆ ನೂರು ಜನಕ್ಕೆ ಹತ್ತು ಕಿಲೋ ಅಕ್ಕಿ ಸಾಕು. ಹೊಲ ಗೆಯ್ಯೋ ಜನ ಹೆಚ್ಚಿದ್ದರೆ ಹನ್ನೆರಡು. ಸಾರು, ಹುಳಿ ಎಲ್ಲಕ್ಕೂ ಸೇರಿ ತೊಗರಿಬೇಳೆ ನಾಲ್ಕು ಕಿಲೋ, ಒಬ್ಬಟ್ಟಿನದು ಬೇರೆ. ತುಪ್ಪ ಒಂದು ಕಿಲೋ. ಮೊಸರು ಹತ್ತು ಲೀಟರ್. ಇದಕ್ಕೆ ಒಂದೂವರೆ ಪಟ್ಟು ಬರೆದಿದ್ದರೆ "ಯಾಕೆ ಭಟ್ಟರೇ" ಅಂತ ಕೇಳು. ಎರಡು, ಉಗ್ರಾಣಕ್ಕೆ ಒಬ್ಬ ನಂಬಿಕಸ್ಥ ಬೇಕು. ಅವನು ಧಾರೆ ನೋಡೋ ಆಸೆ ಬಿಟ್ಟಿರಬೇಕು. ಅಂಥ ಆಳಿಲ್ಲ ಅಂದ್ರೆ ಎಲೆ ಲೆಕ್ಕಕ್ಕೇ ಕೊಟ್ಟುಬಿಡು, ನೆಮ್ಮದಿ.

ಹುಡುಗಿ: ಈಗ ಪಟ್ಟಿ ನೋಡ್ತೀರಾ?

ಮಾವ: ಕೊಡು. ಕೋಸಂಬರಿ ಎರಡು, ಪಲ್ಯ ಮೂರು, ರುಮಾಲಿ ರೋಟಿ, ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ, ಜೀರಾ ರೈಸು, ಪಲಾವು, ಪುಳಿಯೋಗರೆ, ಬಿಸಿಬೇಳೆಬಾತು, ಚಿರೋಟಿ, ಜಿಲೇಬಿ, ಒಬ್ಬಟ್ಟು, ಪಾಯಸ, ಐಸ್‌ಕ್ರೀಮು, ಫ್ರೂಟ್ ಸಲಾಡು, ಬೀಡಾ... ಅನ್ನ ಎಲ್ಲವ್ವ?

ಹುಡುಗಿ: ಇಪ್ಪತ್ನಾಲ್ಕನೇದು.

ಮಾವ: ಅನ್ನ ಬರೋ ಹೊತ್ತಿಗೆ ಹೊಟ್ಟೆ ತುಂಬಿರುತ್ತೆ. ನಿನ್ನ ಕೆಲಸ ಕಂಪ್ಯೂಟರಿನದು, ನೀನೇ ಲೆಕ್ಕ ಹಾಕು. ಛತ್ರದ ಊಟದ ಮನೇಲಿ ಒಂದು ಸಲಕ್ಕೆ ಇನ್ನೂರು ಜನ ಕೂರ್ತಾರೆ. 550 ಅಂದ್ರೆ ಮೂರು ಪಂಕ್ತಿ. ಹನ್ನೆರಡು ಐಟಂ ಆದರೆ ಎಲೆ ಹಾಕಿ, ಬಡಿಸಿ, ಉಂಡು ಎದ್ದು, ಮೇಜು ಒರೆಸೋಕೆ ಮುಕ್ಕಾಲು ಗಂಟೆ. ಹನ್ನೆರಡಕ್ಕೆ ಶುರುವಾದರೆ ಕಡೇ ಪಂಕ್ತಿ ಒಂದೂವರೆಗೆ ಕೂತು ಎರಡೂಕಾಲಿಗೆ ಏಳುತ್ತೆ. ಇಪ್ಪತ್ತೆಂಟು ಐಟಂ ಆದರೆ ಪಂಕ್ತಿಗೆ ಒಂದು ಗಂಟೆ ಮೇಲೇ ಬೇಕು. ಕಡೇ ಪಂಕ್ತಿ ಏಳೋದು ಮೂರೂವರೆಗೆ. ಅಷ್ಟು ಹೊತ್ತು ಅವರು ಎಲ್ಲಿರ್ತಾರೆ? ಊಟ ಮಾಡ್ತಿರೋರ ಕುರ್ಚಿ ಹಿಂದೆ, ಕುರ್ಚಿ ಬೆನ್ನು ಹಿಡ್ಕೊಂಡು. ಉಣ್ಣೋನಿಗೂ ತುತ್ತು ಇಳಿಯಲ್ಲ, ನಿಂತೋನಿಗೂ ಮಾನ ಇಲ್ಲ. ಒಂದೊಂದು ಐಟಂ ಅಂದ್ರೆ ಒಂದೊಂದು ಬಕೆಟ್ಟು, ಒಂದೊಂದು ಕೈ, ಪಂಕ್ತಿ ಉದ್ದಕ್ಕೂ ಒಂದೊಂದು ನಡಿಗೆ. ಇಪ್ಪತ್ತನೇದು ಬರೋ ಹೊತ್ತಿಗೆ ಮೊದಲನೇದು ತಣ್ಣಗಾಗಿರುತ್ತೆ.

ಹುಡುಗಿ: ಹಾಗಾದ್ರೆ ನೀವೇ ಹೇಳಿ, ಏನು ಇಟ್ಕೊಳ್ಳೋಣ?

ಮಾವ: ಉಪ್ಪು, ಉಪ್ಪಿನಕಾಯಿ, ತುಪ್ಪ ಲೆಕ್ಕಕ್ಕಿಲ್ಲ. ಕೋಸಂಬರಿ, ಒಂದು ಪಲ್ಯ, ಒಂದು ಗೊಜ್ಜು, ಚಿತ್ರಾನ್ನ, ವಡೆ, ಹಪ್ಪಳ, ಒಬ್ಬಟ್ಟು, ಪಾಯಸ, ಅನ್ನ, ಸಾರು, ಹುಳಿ, ಮಜ್ಜಿಗೆ. ಹನ್ನೆರಡು. ಇದನ್ನ ಒಳ್ಳೇ ಸಾಮಾನಿನಲ್ಲಿ ಮಾಡಿಸು. ಗಾಣದ ಎಣ್ಣೆ ಬೇಡ, ವಾಸನೆ ಬರದ ಎಣ್ಣೆ ಆದರೆ ಸಾಕು. ಅಕ್ಕಿ ಮಾತ್ರ ಹಳೇದೇ ಇರಲಿ, ಹೊಸ ಅಕ್ಕಿ ಮುದ್ದೆ ಆಗುತ್ತೆ. ತುಪ್ಪ ಎರಡು ಸಲ ಬರಲಿ. ಐಟಂ ಕಮ್ಮಿಯಾಗಿದ್ದು ಯಾರ ಕಣ್ಣಿಗೂ ಬೀಳಲ್ಲ. ತುಪ್ಪ ತಪ್ಪಿದ್ದು ಊರಿಗೇ ಗೊತ್ತಾಗುತ್ತೆ.

ಹುಡುಗಿ: ಒಬ್ಬಟ್ಟು ದುಬಾರಿ ಅಂದ್ರು. ಜಿಲೇಬಿ ಹಾಕಿಸಿ ಅಂದ್ರು ಕೇಟರಿಂಗ್‌ನವರು.

ಮಾವ: ಒಬ್ಬಟ್ಟಿಗೆ ಕೈಕೆಲಸ ಜಾಸ್ತಿ. ಜಿಲೇಬಿ ಹಿಂದಿನ ದಿನವೇ ಮಾಡಿ ಬೇಸಿನ್‌ನಲ್ಲಿ ಗುಡ್ಡೆ ಹಾಕಬಹುದು, ಅದಕ್ಕೆ ಹಾಗಂದಿದಾರೆ. ಆದರೆ ಒಬ್ಬಟ್ಟಿಗೆ ಬೇಯಿಸಿದ ಬೇಳೆಯ ಕಟ್ಟು ಎಲ್ಲಿಗೆ ಹೋಗುತ್ತೆ? ಸಾರಿಗೆ. ಒಂದೇ ಬೇಳೆ, ಎರಡು ಅಡುಗೆ. ಒಬ್ಬಟ್ಟಿನ ಸಾರಿಗಿಂತ ರುಚಿಯಾದ ಸಾರು ಯಾವುದಿದೆ ಹೇಳು. ಅಷ್ಟಕ್ಕೂ ಕೈಸಾಗದು ಅನ್ನೋ ಮನೆಗಳಲ್ಲಿ ಬೂದುಗುಂಬಳದ ಕಾಶಿ ಹಲ್ವ ಮಾಡಿಸ್ತೀನಿ. ಕುಂಬಳಕಾಯಿ, ಸಕ್ಕರೆ, ಒಂದಿಷ್ಟು ತುಪ್ಪ, ಏಲಕ್ಕಿ, ಕೇಸರಿ ಬಣ್ಣ ಒಂದು ಚಿಟಿಕೆ. ತಿಂದೋರು ಸಿರಿವಂತರ ಮದುವೆ ಅಂತ ಹೇಳ್ಕೊಂಡು ಹೋಗ್ತಾರೆ.

ಹುಡುಗಿ: ತರಕಾರಿಗೂ ಹೀಗೇ ಏನಾದ್ರೂ ಲೆಕ್ಕ ಇದ್ಯಾ?

ಮಾವ: ಕಾಲ ನೋಡಿ ಪಲ್ಯ. ಬೇಸಿಗೆಯ ಮದುವೆಗೆ ಬೀನ್ಸ್ ಪಲ್ಯನೇ ಬೇಕು ಅಂತ ಹಟ ಹಿಡಿದರೆ ಮಾರ್ಕೆಟ್ಟಿನವರು ನಗ್ತಾರೆ, ಎಲ್ಲ ಛತ್ರದವರೂ ಅವತ್ತು ಅದನ್ನೇ ಕೇಳ್ತಿರ್ತಾರೆ. ವೈಶಾಖದಲ್ಲಿ ಹಲಸಿನಕಾಯಿ ಪಲ್ಯ, ಮಾವಿನಕಾಯಿ ಚಿತ್ರಾನ್ನ, ಹಣ್ಣಿನ ಕಾಲವಾದರೆ ಮಾವಿನ ಸೀಕರಣೆ. ಹುಳಿಗೆ ಸೀಗುಂಬಳ, ಬದನೆ. ಮಾಘದಲ್ಲಿ ಅವರೆಕಾಯಿ ಸೊಗಡಿರೋವಾಗ ಹಿತಕಿದಬೇಳೆ ಗೊಜ್ಜು. ಆಯಾ ಕಾಲದ ತರಕಾರಿ ಸೋವಿಗೂ ಸಿಗುತ್ತೆ, ರುಚಿಯಾಗೂ ಇರುತ್ತೆ. ಆರು ತಿಂಗಳು ಕಳೆದ ಮೇಲೂ "ನಿಮ್ಮ ಮದುವೇಲಿ ಹಿತಕಿದಬೇಳೆ" ಅಂತ ಜನ ನೆನೆಸ್ಕೋತಾರೆ. ಪನೀರ್ ಬಟರ್ ಮಸಾಲ ಯಾರ ಮದುವೇಲಿ ತಿಂದಿದ್ದು ಅಂತ ಯಾರಿಗೂ ನೆನಪಿರಲ್ಲ.

ಹುಡುಗಿ: ನಮ್ಮದು ಐನೂರು ಎಲೆ ಲೆಕ್ಕ. ನನ್ನ ಗೆಳತಿ ಒಬ್ಬಳಿಗೆ ಅಷ್ಟೂ ಆಗಲ್ಲ. ದೇವಸ್ಥಾನದಲ್ಲಿ ನೂರು ಜನದ ಮದುವೆ. ಊಟ ಚೆನ್ನಾಗಿರಲ್ಲವೇನೋ ಅಂತ ಕೊರಗ್ತಿದಾಳೆ.

ಮಾವ: ನೂರು ಜನದ ಮದುವೆಲೇ ಊಟ ಚೆನ್ನಾಗಿರೋದು. ಪಂಕ್ತಿ ಒಂದೇ. ಮೊದಲನೇದೂ ಅದೇ, ಕಡೇದೂ ಅದೇ. ಒಬ್ಬ ಭಟ್ಟ, ಇಬ್ಬರು ಕೈಯಾಳು, ಬಡಿಸೋಕೆ ಅವಳ ಅಣ್ಣತಮ್ಮಂದಿರು, ಗೆಳೆಯರು. ಕೋಸಂಬರಿ, ಪಲ್ಯ, ಪುಳಿಯೋಗರೆ, ಹೆಸರುಬೇಳೆ ಪಾಯಸ, ಅನ್ನ, ಹುಳಿ, ಹಪ್ಪಳ, ಮಜ್ಜಿಗೆ. ಎಂಟಾಯ್ತು. ಇನ್ನೊಂದು ಬೇಕು ಅನಿಸಿದರೆ ಬೋಂಡ. ಅವಳಿಗೆ ಹೇಳು, ಬಡಗಲ ಸೀಮೆ ಹಳ್ಳಿ ಮದುವೆಗಳಿಗೆ ಹೋಗಿ ನೋಡಲಿ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ನಾಲ್ಕೇ. ಸಾವಿರ ಜನ ಉಂಡು ಏಳ್ತಾರೆ. ಹುಗ್ಗಿ ಮೇಲೆ ತುಪ್ಪ ಹಾಕೋನು ಸಾಕು ಅನ್ನೋವರೆಗೂ ಕೈ ಹಿಂದಕ್ಕೆ ತೆಗೆಯಲ್ಲ. ಊಟ ಬಡವಾಯ್ತು ಅಂತ ಯಾವನಾದರೂ ಅಂತಾನಾ?

ಹುಡುಗಿ: ಅಲ್ಲಿ ರೊಟ್ಟಿನೂ ಇರುತ್ತಲ್ವಾ?

ಮಾವ: ರೊಟ್ಟಿ ಒಬ್ಬರ ಮನೆ ಒಲೆ ಮೇಲೆ ಆಗೋ ಕೆಲಸ ಅಲ್ಲ. ಓಣಿಯ ಮನೆ ಮನೆಗೆ ಹಿಟ್ಟು ಹಂಚಿ ತಟ್ಟಿಸ್ಕೊಂಡು ಬರ್ತಾರೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಊರೂರಿಂದ ಬಂಡಿ, ಟ್ರ್ಯಾಕ್ಟರಲ್ಲಿ ರೊಟ್ಟಿ ಬರುತ್ತಲ್ಲ, ಅದೇ ರೀತಿ. ಮಲೆನಾಡಿನ ಕಡೆ ಮದುವೆ ಹಿಂದಿನ ರಾತ್ರಿ ಅಕ್ಕಪಕ್ಕದವರು ತರಕಾರಿ ಹೆಚ್ಚೋಕೆ ಸೇರ್ತಾರೆ. ದುಡ್ಡಿಲ್ಲದ ಕಡೆ ಜನ ದುಡ್ಡಿನ ಜಾಗದಲ್ಲಿ ಕೈ ಇಡ್ತಿದ್ದರು. ಈಗ ಕೈ ಇಡೋರಿಲ್ಲ, ಅದಕ್ಕೇ ದುಡ್ಡು ಜಾಸ್ತಿ ಇಡಬೇಕಾಗಿದೆ.

ಹುಡುಗಿ: ಸಾಲ ಮಾಡಿ ಇಡ್ತಾರೆ ಮಾವ, ಅದೇ ಬೇಜಾರು.

ಮಾವ: ಅದಕ್ಕೇ ತಾನೇ ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ಮದುವೆ ನಡೀತಿರೋದು? ಕುವೆಂಪು ಮಂತ್ರಮಾಂಗಲ್ಯ ಅಂತ ದಾರಿ ತೋರಿಸಿದ್ದೂ ಅದಕ್ಕೇ. ಆಡಂಬರ ಬೇಡ, ಸಾಲ ಬೇಡ ಅಂತ. ಆಡಂಬರ ಬಿಟ್ಟ ಮಾತ್ರಕ್ಕೆ ಬಂದೋರನ್ನ ಹಸಿದುಕೊಂಡು ಕಳಿಸಬೇಕು ಅಂತೇನಿಲ್ಲ. ಹೂವಿನ ಮಂಟಪಕ್ಕೆ ಸುರಿಯೋ ದುಡ್ಡಲ್ಲಿ ಅರ್ಧ ಈ ಕಡೆ ತಿರುಗಿಸಿದರೆ ಸರಳ ಮದುವೆ ಊಟವೇ ಎಲ್ಲಕ್ಕಿಂತ ಮೇಲಾಗುತ್ತೆ.

ಹುಡುಗಿ: ಇನ್ನೊಂದು ತುದಿ ಹೇಳಿ. ದುಡ್ಡು ಬೇಕಾದಷ್ಟಿದೆ, ಎರಡು ಸಾವಿರ ಜನ ಬರ್ತಾರೆ. ಆಗ ಬಫೆನೇ ಗತಿ ಅಲ್ವಾ?

ಮಾವ: ಎರಡು ಸಾವಿರಕ್ಕೆ ಬಫೆ ತಪ್ಪಲ್ಲ, ಒಪ್ತೀನಿ. ಆದರೆ ಅಲ್ಲೂ ನನ್ನ ಪ್ರಶ್ನೆ ಅದೇ. ಒಂಬತ್ತೂವರೆಗೆ ಬಂದೋನಿಗೆ ದೋಸೆ ಸಿಗುತ್ತಾ? ಮೂವತ್ತು ಕೌಂಟರ್ ಇಟ್ಟು ಒಂದೊಂದರಲ್ಲಿ ಒಬ್ಬ ಹುಡುಗನ್ನ ನಿಲ್ಲಿಸೋ ಬದಲು, ಹದಿನೈದು ಐಟಂ ಇಟ್ಟು ಅದನ್ನೇ ಎರಡು ಕಡೆ ಬಡಿಸಲಿ. ಸಾಲು ಅರ್ಧಕ್ಕೆ ಇಳಿಯುತ್ತೆ. ವಯಸ್ಸಾದೋರಿಗೆ, ಮಗು ಎತ್ತಿಕೊಂಡೋರಿಗೆ ಕೂತು ಉಣ್ಣೋಕೆ ಒಂದು ಪಂಕ್ತಿ ಪಕ್ಕದಲ್ಲೇ ಇರಲಿ. ಕೈಲಿ ತಟ್ಟೆ ಹಿಡ್ಕೊಂಡು ನಮ್ಮವ್ವನಂಥೋರು ಎಲ್ಲಿ ನಿಲ್ತಾರೆ? ಆ ವಿಐಪಿ ಊಟದ ಕೋಣೆ ಒಂದಿರುತ್ತಲ್ಲ, ಅದನ್ನ ಮೊದಲು ಮುಚ್ಚಿಸು.

ಹುಡುಗಿ: ಅದರಿಂದ ಯಾರಿಗೇನು ತೊಂದರೆ? ಮಂತ್ರಿಗಳು, ಅಧಿಕಾರಿಗಳು ಬಂದಾಗ ಗಲಾಟೆ ಆಗಬಾರದು ಅಂತ ಇಡ್ತಾರೆ.

ಮಾವ: ಪಂಕ್ತಿಭೇದ ಅಂದ್ರೆ ಏನು ಅಂತ ನಿನ್ನ ವಯಸ್ಸಿನವರಿಗೆ ಗೊತ್ತಿಲ್ಲ. ನಮ್ಮಪ್ಪನಿಗೆ ಗೊತ್ತಿತ್ತು. ಜಾತಿ ಕೇಳಿ ಎಲೆ ಹಾಕ್ತಿದ್ದ ಕಾಲ ಅದು. ಕೆಲವರಿಗೆ ಒಳಗೆ, ಕೆಲವರಿಗೆ ಜಗಲಿ ಮೇಲೆ, ಕೆಲವರಿಗೆ ಬೀದಿಲಿ, ಅದೂ ಎಲ್ಲರೂ ಉಂಡ ಮೇಲೆ. ಜಾತಿ ಪಂಕ್ತಿ ತೆಗೆಯೋಕೆ ಎಷ್ಟೋ ಜನ ಎಷ್ಟೋ ಬಡಿದಾಡಿದ್ದಾರೆ. ಈಗ ನಾವೇ ದುಡ್ಡು ಕೊಟ್ಟು ಎಸಿ ಕೋಣೆಲಿ ಹೊಸ ಪಂಕ್ತಿ ಹಾಕಿಸ್ತಿದೀವಿ. ಅಲ್ಲಿ ಗೋಡಂಬಿ, ಇಲ್ಲಿ ಕಡಲೆಬೀಜ. ದೊಡ್ಡೋರು ಬಂದರೆ ಅವರನ್ನೂ ಸಾಲಲ್ಲೇ ಕೂರಿಸಿ, ಪಕ್ಕದಲ್ಲಿ ನಿಮ್ಮಪ್ಪ ಕೂತ್ಕೊಳ್ಳಲಿ. ಮರ್ಯಾದೆ ಅದಕ್ಕಿಂತ ಬೇಕಾ?

ಹುಡುಗಿ: ಮಾವ, ಎಸೆಯೋದರ ಬಗ್ಗೆ ಏನೂ ಹೇಳಲಿಲ್ಲ ನೀವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 75 ಕಲ್ಯಾಣ ಮಂಟಪ ಹೊಕ್ಕು ನೋಡಿ, 2012ರಲ್ಲಿ ಒಂದು ಅಂದಾಜು ಕೊಟ್ಟಿದ್ರು. ಬೆಂಗಳೂರಿನ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಊಟ ಹಾಳಾಗುತ್ತಂತೆ. ಪಂಕ್ತಿಲಿ ಕೇಳದೇ ಸುರೀತಾರೆ, ಬಫೆಲಿ ಗುಡ್ಡೆ ಹಾಕ್ಕೋತಾರೆ.

ಮಾವ: ಒಳ್ಳೇ ಕಡೆ ಕೈ ಹಾಕ್ದೆ. ಹಾಳಾಗೋದಕ್ಕೂ, ಕಡೇ ಪಂಕ್ತಿಗೆ ಸಾಲದೇ ಬರೋದಕ್ಕೂ ಕಾರಣ ಒಂದೇ. ಎರಡು ಪಂಕ್ತಿಯ ಎಲೆಗಳಲ್ಲಿ ಉಳಿದು ತಿಪ್ಪೆಗೆ ಹೋದದ್ದೇ ಮೂರನೇ ಪಂಕ್ತಿಯ ಊಟ. ತಡೆಯೋದು ಕಷ್ಟವಲ್ಲ. ಮೊದಲನೇ ಸಲ ಎಲ್ಲಾನೂ ಚೂರು ಚೂರು ಬಡಿಸಬೇಕು, ಎರಡನೇ ಸಲ ಎದುರು ನಿಂತು ಕೇಳಿ ಬಡಿಸಬೇಕು. ಇದಕ್ಕೆ ಜನ ಬೇಕು. ನೂರು ಎಲೆಗೆ ಎಂಟು ಹತ್ತು ಜನ ಬಡಿಸೋರು ಇಲ್ಲದಿದ್ದರೆ ಅವರು ಎರಡನೇ ಸಲ ಬರೋಕೆ ಬೇಜಾರಾಗಿ ಮೊದಲನೇ ಸಲವೇ ಸುರಿದು ಹೋಗ್ತಾರೆ. ಐದು ಐಟಂ ತೆಗೆದ ದುಡ್ಡಲ್ಲಿ ಐದು ಜನ ಬಡಿಸೋರನ್ನ ಹಾಕ್ಕೊ. ಕೇಟರಿಂಗ್‌ನವರ ಚೀಟಿಲಿ ಐಟಂ ಎಷ್ಟು ಅಂತ ಬರೆಸ್ತೀವಿ, ಬಡಿಸೋರು ಎಷ್ಟು ಅಂತ ಯಾರೂ ಬರೆಸಲ್ಲ. ನೀನು ಬರೆಸು.

ಹುಡುಗಿ: ಮತ್ತೆ ಅಡುಗೆ ಉಳಿಯೋದು?

ಮಾವ: ಅನ್ನ ಮೂರು ಸಲ ಆಗಬೇಕು, ಪಂಕ್ತಿಗೊಂದು ಸಲ. ಎರಡನೇ ಪಂಕ್ತಿ ಕೂತಾಗ ಮುಯ್ಯಿ ಬರೆಯೋ ಜಾಗದಲ್ಲಿ, ಮಂಟಪದಲ್ಲಿ ಎಷ್ಟು ಜನ ಉಳಿದಿದಾರೆ ನೋಡ್ಕೊಂಡು ಬಂದು ಮೂರನೇ ಅಕ್ಕಿ ಹಾಕಿಸ್ತೀನಿ. ಬೇಯಿಸದ ಅಕ್ಕಿ ವಾಪಸು ಹೋಗುತ್ತೆ, ಬೇಯಿಸಿದ ಅನ್ನ ಹೋಗಲ್ಲ. ಕೋಸಂಬರಿಗೆ ಉಪ್ಪು ಬಡಿಸೋ ಮುಂಚೆ ಹಾಕಬೇಕು, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಟ್ಕೊಳ್ಳುತ್ತೆ. ಹಪ್ಪಳ, ವಡೆ ಪಂಕ್ತಿ ಪಂಕ್ತಿಗೆ ಕರೀಬೇಕು. ಒಂದೇ ಸಲ ಎಲ್ಲ ಮುಗಿಸಿ ಭಟ್ಟರು ಬೀಡಿ ಸೇದ್ತಾ ಕೂತಿದ್ದರೆ ಕಡೇ ಪಂಕ್ತಿಗೆ ತಂಗಳೇ ಗತಿ.

ಹುಡುಗಿ: ಹಾಗೂ ಉಳಿದ್ರೆ ಯಾವುದಾದ್ರೂ ಅನಾಥಾಲಯಕ್ಕೆ ಕೊಡೋಣ.

ಮಾವ: ಕೊಡೋದಾದ್ರೆ ಹಿಂದಿನ ದಿನವೇ ಮಾತಾಡಿ, ಪಾತ್ರೆ, ಗಾಡಿ ಗೊತ್ತು ಮಾಡಿರು. ಪಾತ್ರೆಯಲ್ಲಿರೋದು ಮಾತ್ರ, ಎಲೆ ಮುಟ್ಟಿದ್ದಲ್ಲ. ಬೇಸಿಗೇಲಿ ತೆಂಗಿನಕಾಯಿ ಬಿದ್ದ ಹುಳಿ, ಗೊಜ್ಜು, ಕೋಸಂಬರಿ ಸಂಜೆವರೆಗೆ ನಿಲ್ಲಲ್ಲ. ಅದನ್ನ ದಾನ ಅಂತ ಕೊಡಬಾರದು. ಆಹಾರ ಸುರಕ್ಷತೆ ಇಲಾಖೆಯವರು ಹೇಳೋದೂ ಇದೇ: ಬಿಸಿ ಅಡುಗೆ 60 ಡಿಗ್ರಿ ಮೇಲಿರಬೇಕು, ಇಲ್ಲಾ 5 ಡಿಗ್ರಿ ಕೆಳಗಿರಬೇಕು. ಮಧ್ಯದಲ್ಲಿ ಗಂಟೆಗಟ್ಟಲೆ ಇಟ್ಟರೆ ಕೆಡುತ್ತೆ. ಎರಡೂವರೆಗೆ ಗಾಡಿ ಹೊರಡದಿದ್ದರೆ ಪುಣ್ಯ ಹೋಗಿ ಪಾಪ ಬಂತು ಅಂತ. ಅಲ್ಲಿರೋ ಮಕ್ಕಳದ್ದೂ ನಮ್ಮದೇ ಪಂಕ್ತಿ, ಅವರಿಗೂ ಬಿಸಿಯಾಗೇ ಹೋಗಬೇಕು.

ಹುಡುಗಿ: ನೀರಿನ ಬಾಟ್ಲು?

ಮಾವ: ಅರ್ಧ ಕುಡಿದು ಬಿಟ್ಟು ಹೋಗೋಕೆ ಯಾಕೆ ದುಡ್ಡು ಕೊಡ್ತೀಯ? ಸ್ಟೀಲ್ ಲೋಟ, ಜಗ್ಗಲ್ಲಿ ನೀರು ಹಾಕೋಕೆ ಇಬ್ಬರು ಹುಡುಗರು. ಮೇಜಿಗೆ ಹಾಸೋ ಪ್ಲಾಸ್ಟಿಕ್ ಹಾಳೆ, ಪ್ಲಾಸ್ಟಿಕ್ ತಟ್ಟೆ, ಲೋಟ 2016ರಲ್ಲೇ ನಮ್ಮ ರಾಜ್ಯದಲ್ಲಿ ನಿಷೇಧ ಆಗಿದೆ. ಆದರೂ ಕೆಲವು ಕಡೆ ಹಾಸ್ತಾರೆ. ಕಾಗದದ ಸುರುಳಿ ಹಾಸಲಿ. ಎಲೆ ಬಾಳೆ ಎಲೆನೇ ಇರಲಿ.

ಹುಡುಗಿ: ಬೀಗರೂಟದ ವಿಷಯ ಬರಲೇ ಇಲ್ಲ. ಅಪ್ಪ ಮುನ್ನೂರು ಜನಕ್ಕೆ ಮಟನ್ ಅಂತಿದಾರೆ.

ಮಾವ: ಮಟನ್ ಕಿಲೋಗೆ ಆರೇಳು ಜನ. ಮುನ್ನೂರು ಜನಕ್ಕೆ ನಲವತ್ತೈದು ಕಿಲೋ ಆಸುಪಾಸು. ಇಲ್ಲಿ ಜನ ಕಮ್ಮಿ ಮಾಡು, ತುಂಡು ಕಮ್ಮಿ ಮಾಡಬೇಡ. ಬೀಗರೂಟಕ್ಕೆ ಬರೋರು ಮಾಂಸಕ್ಕೆ ಬರ್ತಾರೆ. ಸಾರಿನಲ್ಲಿ ತುಂಡು ಹುಡುಕೋ ಹಾಗಾದರೆ ಆ ಮಾತು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತೆ. ನೂರೈವತ್ತು ಜನ, ಎರಡೂ ಕಡೆ ಹತ್ತಿರದೋರು ಮಾತ್ರ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಅನ್ನ, ಮಜ್ಜಿಗೆ. ಬಿರಿಯಾನಿ, ಕಬಾಬ್, ಮೀನು ಅಂತ ಐದು ಬಗೆ ಇಟ್ಟು ಎಲ್ಲವನ್ನೂ ಅರೆಬರೆ ಬಡಿಸೋದಕ್ಕಿಂತ ಇದು ಮೇಲು. ಕೈ ಇನ್ನೂ ಬಿಗಿ ಇದ್ದರೆ ನಾಟಿಕೋಳಿ ಸಾರು ಮಾಡ್ಸಿ ಅನ್ನಲ್ಲ, ಅದು ಮಟನ್‌ಗೇನೂ ಕಮ್ಮಿ ಬೆಲೆಯಲ್ಲ. ಫಾರಂ ಕೋಳಿನೇ ಒಳ್ಳೇ ಮಸಾಲೆ ರುಬ್ಬಿ ಮಾಡಿಸಿ, ಧಾರಾಳವಾಗಿ ಬಡಿಸಿ.

ಹುಡುಗಿ: ಇಷ್ಟೆಲ್ಲ ಚೀಟಿಲಿ ಬರೆಸಿದರೂ ಕೇಟರಿಂಗ್‌ನವರು ಕಡೇ ಪಂಕ್ತಿಗೆ ಕೈಕೊಟ್ಟರೆ?

ಮಾವ: ಅದಕ್ಕೆ ಎರಡು ಉಪಾಯ. ಮೊದಲನೇದು, ಬಾಕಿ ದುಡ್ಡು ಕಡೇ ಪಂಕ್ತಿ ಎದ್ದ ಮೇಲೇ. ಎರಡನೇದು, ಮುಂಗಡ ಕೊಡುವಾಗಲೇ ಹೇಳಿಬಿಡು: "ನಾವು ಮನೆಯವರೆಲ್ಲ ಕಡೇ ಪಂಕ್ತಿಗೇ ಕೂರ್ತೀವಿ, ಜೊತೆಗೆ ವಾಲಗದವರು, ಡ್ರೈವರುಗಳು, ಛತ್ರದ ಕಸ ಗುಡಿಸೋರು, ನಿಮ್ಮ ಬಡಿಸೋ ಹುಡುಗರೂ ಕೂರ್ತಾರೆ." ದುಡ್ಡು ಕೊಡೋನು ಕಡೇಲಿ ಕೂರ್ತಾನೆ ಅಂತ ಗೊತ್ತಾದರೆ ಒಬ್ಬಟ್ಟು ತಾನಾಗೇ ಉಳಿಯುತ್ತೆ. ಅಷ್ಟಕ್ಕೂ ನೀನು ಯಾವಾಗ ಕೂರ್ತೀಯ ಅಂದ್ಕೊಂಡಿದೀಯ? ಎಲ್ಲರ ಜೊತೆ ಫೋಟೋ ಮುಗಿಯೋ ಹೊತ್ತಿಗೆ ಎರಡು ಗಂಟೆ. ಗಂಡು ಹೆಣ್ಣು ಯಾವತ್ತಿದ್ದರೂ ಕಡೇ ಪಂಕ್ತಿಯವರೇ.

ಹುಡುಗಿ: ಹಾಗಾದ್ರೆ ನನ್ನ ಸ್ವಾರ್ಥಕ್ಕಾದ್ರೂ ಒಪ್ಪಲೇಬೇಕು! ಸರಿ, ಬರ್ಕೊಂಡೆ. ಒಂದು ಹೊತ್ತಿನ ದೊಡ್ಡೂಟ, ಹನ್ನೆರಡು ಐಟಂ, ನೂರು ಎಲೆಗೆ ಹತ್ತು ಜನ, ಅನ್ನ ಮೂರು ಸಲ, ಬಾಕಿ ಕಡೇಲಿ. ಒಂದೇ ಚಿಂತೆ. ಇಪ್ಪತ್ತೆಂಟು ಹನ್ನೆರಡಾಯ್ತು ಅಂತ ಅಪ್ಪನಿಗೆ ಹೇಳೋರು ಯಾರು? ಬೀಗರ ಮುಂದೆ ಮರ್ಯಾದೆ ಹೋಗುತ್ತೆ ಅಂತಾರೆ.

ಮಾವ: ಹನ್ನೆರಡು ಅಂತ ಹೇಳಲೇಬೇಡ. ಒಬ್ಬಟ್ಟು ಎರಡನೇ ಸಲ ಎದುರು ನಿಂತು ಕೇಳಿ ಬಡಿಸ್ತೀವಿ, ನೀವು ಹೆಗಲ ಮೇಲೆ ಶಲ್ಯ ಹಾಕ್ಕೊಂಡು ಪ್ರತಿ ಪಂಕ್ತಿಗೂ ಬಂದು "ನಿಧಾನವಾಗಿ ಊಟ ಮಾಡಿ" ಅಂತ ಕೈ ಮುಗೀಬೇಕು ಅಂತ ಹೇಳು. ಆ ಕೆಲಸ ಭಾವನಿಗೆ ಇಷ್ಟ. ಅದಕ್ಕೂ ಒಪ್ಪದಿದ್ದರೆ ಅವರ ಮದುವೇಲಿ ಎಷ್ಟು ಐಟಂ ಇತ್ತು ಅಂತ ಕೇಳು. ಅವತ್ತು ಹೆಣ್ಣಿನ ಕಡೆ ಉಗ್ರಾಣ ನಮ್ಮಪ್ಪನದು. ಏಳೇ ಐಟಂ. ಭಾವ ಮೂರು ಸಲ ಒಬ್ಬಟ್ಟು ಹಾಕಿಸ್ಕೊಂಡು, ನಾಲ್ಕನೇ ಸಲಕ್ಕೆ ನನ್ನ ಮುಖ ನೋಡಿದ್ರು.